ಬಕೆಟ್ಟಿನಲ್ಲಿ ನಿಂತ ಗದ್ದೆ

ಸೆಪ್ಟೆಂಬರಿನ ಮೊದಲ ವಾರದ ಒಂದು ಬೆಳಿಗ್ಗೆ. ಮಣಿಪಾಲದ ಬಸ್ಸಿಗೆ ಹೊರಡುವ ಅವಸರದಲ್ಲಿ ಸೀರೆಯ ನೆರಿಗೆ ಹಿಡಿಯುತ್ತಿದ್ದೆ. ಮನೆಯ ಹಿಂದಿನಿಂದ ಗೋಡೆ ಕುಸಿದಂಥ ಸದ್ದು ಕೇಳಿಸಿತು. ಮಳೆಗಾಲದಲ್ಲಿ ಅಂಥ ಸದ್ದಾದರೆ ನಮ್ಮ ಕಡೆಯವರ ಕಣ್ಣು ಮೊದಲು ಹೋಗುವುದು ಬಾವಿಯ ಕಡೆಗೆ. ಹಿತ್ತಿಲ ಬಾಗಿಲಿಗೆ ಓಡಿದೆ. ಬಾವಿ ಇದ್ದ ಹಾಗೆಯೇ ಇತ್ತು. ಅದರಾಚೆ, ಗದ್ದೆಯ ಮೇಲಿನ ತುದಿಯಲ್ಲಿ, ಒಂದು ಟಿಪ್ಪರ್ ಹಿಂಭಾಗ ಎತ್ತಿಕೊಂಡು ನಿಂತಿತ್ತು. ಕೆಂಪು ಮಣ್ಣು ಜಾರಿ ಬೀಳುತ್ತಿತ್ತು. ಬಿದ್ದ ಜಾಗದಲ್ಲಿ ಪೈರು ಕಾಣಿಸುತ್ತಿರಲಿಲ್ಲ.

ಏನಾಗುತ್ತಿದೆ ಎಂದು ಅರ್ಥವಾಗಲು ನನಗೆ ತುಸು ಹೊತ್ತು ಹಿಡಿಯಿತು. ಗದ್ದೆಗೆ ಮಣ್ಣು ತುಂಬಿಸುವುದನ್ನು ನಾನು ಕಾಣದವಳಲ್ಲ. ಮಣಿಪಾಲದ ಕಾಲೇಜೊಂದರ ಗ್ರಂಥಾಲಯದಲ್ಲಿ ನನ್ನ ಕೆಲಸ. ಕಾಪುವಿನಿಂದ ಉಡುಪಿಯವರೆಗೆ ಹೆದ್ದಾರಿಯ ಎರಡೂ ಬದಿಯ ಗದ್ದೆಗಳು ಒಂದೊಂದಾಗಿ ಕೆಂಪಾಗುವುದನ್ನು ಬಸ್ಸಿನ ಕಿಟಕಿಯಿಂದ ವರ್ಷಗಟ್ಟಲೆ ನೋಡಿದ್ದೇನೆ. ಆದರೆ ಅವೆಲ್ಲ ಬೇಸಾಯವಿಲ್ಲದೆ ಹಡಿಲು ಬಿಟ್ಟ ಗದ್ದೆಗಳು. ಕದಿರು ಹೊತ್ತು ನಿಂತ ಪೈರಿನ ಮೇಲೆ ಮಣ್ಣು ಸುರಿಯುವುದನ್ನು ಕಂಡಿರಲಿಲ್ಲ. ಅದೂ ನಮ್ಮ ಹಿತ್ತಿಲಿನಲ್ಲಿ, ಮೊಂತಿ ಹಬ್ಬಕ್ಕೆ ಒಂದು ವಾರ ಕೂಡ ಉಳಿಯದಿದ್ದಾಗ.

ನಾವು ಕೊಂಕಣಿ ಮಾತಾಡುವ ಕ್ರೈಸ್ತರು. ಸೆಪ್ಟೆಂಬರ್ ಎಂಟು ಮಾತೆ ಮರಿಯಮ್ಮನವರ ಹುಟ್ಟಿದ ದಿನ, ನಮಗೆ ಅದೇ ಮೊಂತಿ ಹಬ್ಬ, ತೆನೆ ಹಬ್ಬ. ಅದಕ್ಕೆ ಮೊದಲಿನ ಒಂಬತ್ತು ದಿನ ಮಕ್ಕಳು ಇಗರ್ಜಿಗೆ ಹೂ ತಂದು ಮಾತೆಯ ಮೂರ್ತಿಗೆ ಎರಚುತ್ತಾರೆ. ಹಬ್ಬದ ದಿನ ಪಾದ್ರಿಗಳು ಹೊಸ ಕದಿರನ್ನು ಆಶೀರ್ವದಿಸಿ ಪ್ರತಿ ಮನೆಗೂ ಕೊಡುತ್ತಾರೆ. ಮನೆಯಲ್ಲಿ ಅದರ ಕಾಳು ಸುಲಿದು, ಅರೆದು, ತೆಂಗಿನ ಹಾಲಿಗೆ ಬೆರೆಸಿ ಎಲ್ಲರೂ ಒಂದೊಂದು ಚಮಚ ಕುಡಿದ ಮೇಲೆಯೇ ಬಾಳೆ ಎಲೆಯ ಊಟ. ಆ ದಿನ ಮೀನು, ಮಾಂಸ ಇಲ್ಲ. ದೂರದಲ್ಲಿರುವ ಮಕ್ಕಳಿಗೆ ಕಾಳನ್ನು ಲಕೋಟೆಯಲ್ಲಿಟ್ಟು ಕಳಿಸುತ್ತೇವೆ. ಕುವೈತಿನಲ್ಲಿರುವ ನನ್ನ ತಮ್ಮನಿಗೆ ಅಮ್ಮ ಒಂದು ವರ್ಷವೂ ತಪ್ಪಿಸಿದವರಲ್ಲ.

ನಮ್ಮದೇ ಗದ್ದೆ ಹೆದ್ದಾರಿ ಅಗಲ ಮಾಡುವಾಗ ಹೋಯಿತು. ಅಲ್ಲಿಂದೀಚೆಗೆ ನಮ್ಮ ಮನೆಗೂ ಇಗರ್ಜಿಯ ನಮ್ಮ ವಾರ್ಡಿಗೂ ಕದಿರು ಬರುತ್ತಿದ್ದದ್ದು ಹಿತ್ತಿಲಿನಾಚೆಯ ಇದೇ ಗದ್ದೆಯಿಂದ, ನೆರೆಮನೆಯ ಅಕ್ಕನದ್ದು. ಅವರದ್ದು ತುಳು ಮಾತಾಡುವ ಹಿಂದೂ ಕುಟುಂಬ. ಅವರಿಗೂ ಅದೇ ಹೊತ್ತಿಗೆ ಕದಿರು ಕಟ್ಟುವ ಹಬ್ಬ. ಭಟ್ಟರು ನೋಡಿಕೊಟ್ಟ ದಿನ, ಕಾರ್ಕಳದಿಂದ ಅವರ ಅಳಿಯ ಬಂದು ಗದ್ದೆಯಿಂದ ಕದಿರು ಕೊಯ್ದು ತಲೆಯ ಮೇಲಿಟ್ಟು ಮನೆಗೆ ತರುತ್ತಿದ್ದರು. ಮಾವಿನ ಎಲೆ, ಹಲಸಿನ ಎಲೆ ಸೇರಿಸಿ ಬಾಗಿಲಿಗೆ, ಬಾವಿಗೆ, ತೆಂಗಿನ ಮರಕ್ಕೆ, ಕೊನೆಗೆ ಸ್ಕೂಟರಿಗೂ ಕಟ್ಟುತ್ತಿದ್ದರು. ಒಂದೇ ಗದ್ದೆ ಎರಡು ಹಬ್ಬಗಳನ್ನು ಸಾಕುತ್ತಿತ್ತು. ಅದನ್ನು ನಾವು ಯಾರೂ ದೊಡ್ಡ ಸಂಗತಿ ಎಂದು ಎಣಿಸಿರಲಿಲ್ಲ.

ಆ ವರ್ಷ ಇಡೀ ಇಗರ್ಜಿಗೆ ಕದಿರು ತರುವ ಸರದಿ ನಮ್ಮ ವಾರ್ಡಿನದ್ದು.

ಅಷ್ಟರಲ್ಲಿ ಅಮ್ಮ ನನ್ನ ಪಕ್ಕದಿಂದ ಹಾದು ಹೋದರು. ನೈಟಿಯ ಮೇಲೆ ಬೈರಾಸು ಟವೆಲು ಹೊದ್ದಿದ್ದರು, ಕೈಯಲ್ಲಿ ಪೈರು ಕೊಯ್ಯುವ ಕತ್ತಿ. ಎಂಬತ್ತು ದಾಟಿದವರು. ಮೊಣಕಾಲು ನೋವೆಂದು ಇಗರ್ಜಿಯಲ್ಲೂ ಮಂಡಿಯೂರದವರು ಗದ್ದೆಯ ಅಂಚಿನ ಹುಣಿಯ ಮೇಲೆ ಅಷ್ಟು ಬೇಗ ನಡೆದದ್ದನ್ನು ಕಂಡು ನಾನೂ ಹಿಂದೆ ಓಡಿದೆ. ಎರಡನೆಯ ಟಿಪ್ಪರ್ ಹಿಮ್ಮುಖವಾಗಿ ಬರುತ್ತಿತ್ತು. ಅಮ್ಮ ನೇರ ಹೋಗಿ ಅದರ ಹಿಂದೆ ಪೈರಿನ ನಡುವೆ ನಿಂತರು. ನಾನು ಕೂಗಿಕೊಂಡೆನೋ ಇಲ್ಲವೋ ಈಗ ನೆನಪಿಲ್ಲ. ಟಿಪ್ಪರ್ ನಿಂತಿತು. ಡ್ರೈವರ್ ಬಾಗಿಲು ತೆರೆದು ಇಳಿದ. ಅವನ ಮುಖ ಬಿಳಿಚಿಕೊಂಡಿತ್ತು. ಉತ್ತರ ಕರ್ನಾಟಕದವನು, ಮಾತಿನಿಂದಲೇ ಗೊತ್ತಾಯಿತು.

"ಕಾಣಲೇ ಇಲ್ಲರೀ. ಇನ್ನೊಂದ್ ಮಾರು ಹಿಂದ ಬಂದಿದ್ದರ..." ಎಂದು ಮಾತು ಅಲ್ಲೇ ಬಿಟ್ಟ.

ಅಕ್ಕ ಆಗಲೇ ಅಲ್ಲಿದ್ದರು. ಗದ್ದೆಯ ಇನ್ನೊಂದು ಬದಿಯಲ್ಲಿ, ತಲೆಗೆ ಸುತ್ತಿದ ಬಟ್ಟೆಯನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಅಲುಗಾಡದೆ ನಿಂತಿದ್ದರು. ನಾನು ಹತ್ತಿರ ಹೋಗಿ ಇದು ಏನೆಂದು ಕೇಳಿದೆ. ಅವರು ನನ್ನನ್ನೇ ನೋಡಿದರು. ಉತ್ತರ ನನ್ನಿಂದ ಬರಬಹುದೆಂದು ಕಾಯುತ್ತಿದ್ದ ಹಾಗಿತ್ತು. ಪಾಲಿನಲ್ಲಿ ಆ ಗದ್ದೆ ಮುಂಬೈಯಲ್ಲಿರುವ ಅವರ ಅಣ್ಣನಿಗೆ ಹೋಗಿತ್ತು. ಉಳುವುದು, ನಾಟಿ, ಕೊಯ್ಲು ಎಲ್ಲ ಅಕ್ಕನದ್ದೇ. ಅಣ್ಣ ಮಾರಿದ್ದಾರೆ ಎಂದು ಅವರಿಗೆ ಗೊತ್ತಾದದ್ದು ಆ ಬೆಳಿಗ್ಗೆ, ಟಿಪ್ಪರಿನೊಂದಿಗೆ ಬಂದ ಸೂಪರ್‌ವೈಸರನ ಬಾಯಿಂದ. ಅವರು ಮುಂಬೈಗೆ ಫೋನು ಮಾಡಿದ್ದರಂತೆ. ಅಣ್ಣ ಎತ್ತಲಿಲ್ಲ. ಅತ್ತಿಗೆ ಎತ್ತಿ, ಹೌದು, ಹೇಳಬೇಕೆಂದಿದ್ದೆವು ಎಂದಷ್ಟೇ ಹೇಳಿ ಇಟ್ಟರಂತೆ.

ಅಮ್ಮ ಕತ್ತಿ ಹಿಡಿದು ಕದಿರು ಕೊಯ್ಯತೊಡಗಿದ್ದರು. ಹಬ್ಬಕ್ಕೆ ಬೇಕಾದಷ್ಟಾದರೂ ಉಳಿಸೋಣ ಎಂಬುದು ಅವರ ಲೆಕ್ಕ. ಆಗ ಅಕ್ಕ ಗದ್ದೆಗೆ ಇಳಿದು ಅಮ್ಮನ ಮಣಿಕಟ್ಟು ಹಿಡಿದರು. ಅವರಿಬ್ಬರ ಮಾತು ಯಾವಾಗಲೂ ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಮ್ಮನನ್ನು ಅಕ್ಕ ಕರೆಯುವುದು ಬಾಯಮ್ಮ ಎಂದು.

"ಕೊಯ್ಯಬೇಡಿ ಬಾಯಮ್ಮ. ಈಗ ಕೊಯ್ದದ್ದು ನಮಗೆ ಆಗ್ಲಿಕ್ಕಿಲ್ಲ. ಕಟ್ಟುವ ದಿನ ಬೆಳಿಗ್ಗೆ ಬುಡದಲ್ಲಿ ಜೀವ ಇರ್ಬೇಕು."

ಅಮ್ಮ ಸ್ವಲ್ಪ ಹೊತ್ತು ಕತ್ತಿಯನ್ನು ನೋಡಿದರು. ನಂತರ ಅದನ್ನು ಹುಣಿಯ ಮೇಲೆ ಎಸೆದು, ಬಗ್ಗಿ, ಒಂದು ಬುಡವನ್ನು ಎರಡೂ ಕೈಯಲ್ಲಿ ಹಿಡಿದು ಕೆಸರಿನ ಸಮೇತ ಕಿತ್ತರು. ನನ್ನ ಕಡೆ ತಿರುಗಿ ಬಕೆಟ್ ತಾ ಎಂದರು.

ನಾನು ಓಡಿದೆ. ಬಚ್ಚಲಿನ ಬಕೆಟ್, ಹಿಂದಿನ ವರ್ಷ ಮನೆಗೆ ಬಣ್ಣ ಹೊಡೆಸಿದಾಗ ಉಳಿದ ಡಬ್ಬಗಳು, ಹಳೆಯ ಟಬ್ಬು, ಸಿಕ್ಕಿದ್ದನ್ನೆಲ್ಲ ಹೊತ್ತು ತಂದೆ. ಸೀರೆಯನ್ನು ಸೊಂಟಕ್ಕೆ ಸಿಕ್ಕಿಸಿ ನಾನೂ ಇಳಿದೆ. ಡ್ರೈವರ್ ಗಾಡಿಯ ಎಂಜಿನ್ ಆರಿಸಿದ. ಸೂಪರ್‌ವೈಸರ್ ಸಿಡಿಮಿಡಿಗೊಂಡು ಬಂದಾಗ, ಬೆಳೆದ ಪೈರಿನ ಮೇಲೆ ಮಣ್ಣು ಹಾಕಲು ತನಗೂ ಮನಸ್ಸಿಲ್ಲ, ಇವರು ತೆಗೆದುಕೊಳ್ಳುವವರೆಗೆ ತಾನು ಗಾಡಿ ಎತ್ತುವುದಿಲ್ಲ ಎಂದು ಅವನೇ ಹೇಳಿದ. ಸೂಪರ್‌ವೈಸರ್ ನಮ್ಮ ಊರಿನ ಕಡೆಯವನೇ. ಮಧ್ಯಾಹ್ನದವರೆಗೆ ಬಿಡುತ್ತೇನೆ ಎಂದ.

ನಾನು ಕೈ ತೊಳೆದುಕೊಂಡು ಅವನ ಬಳಿ ಹೋದೆ. ಕೊಯ್ಲಿಗೆ ಕೆಲವು ವಾರ ಇರುವಾಗ ಇಂಥ ಕೆಲಸ ಮಾಡಿಸುವ ಮನುಷ್ಯ ಯಾರು ಎಂದು ಕೇಳಿದೆ. ಅಷ್ಟು ಗಟ್ಟಿಯಾಗಿ ನಾನು ಗ್ರಂಥಾಲಯದಲ್ಲಿ ಯಾರೊಂದಿಗೂ ಮಾತಾಡಿದವಳಲ್ಲ. ಅವನಿಗೆ ಆಶ್ಚರ್ಯವಾಯಿತು.

"ಎಂತ ಮೇಡಂ, ನಿಮಗೆ ಗೊತ್ತಿಲ್ವಾ? ಇಬ್ಬರು ಸೇರಿ ಕ್ರಯಕ್ಕೆ ತೆಗೆದದ್ದು. ಅರ್ಧ ಉಡುಪಿಯ ಪಾರ್ಟಿಯದ್ದು. ಇನ್ನರ್ಧ ನಿಮ್ಮ ತಮ್ಮನದ್ದೇ ಅಲ್ವಾ?"

ಬೇರೆ ಯಾರೋ ಇರಬೇಕು, ಹೆಸರು ತಪ್ಪಿರಬೇಕು ಎಂದೆ. ಅವನು ತಮ್ಮನ ಪೂರ್ತಿ ಹೆಸರು ಹೇಳಿದ, ನಮ್ಮ ಅಪ್ಪನ ಹೆಸರೂ ಹೇಳಿದ. ಹಿಂದೆ ಅಮ್ಮ ಮತ್ತು ಅಕ್ಕ ಬಗ್ಗಿಕೊಂಡು ಬುಡ ಕೀಳುತ್ತಿದ್ದರು. ಒಬ್ಬರ ಟಬ್ಬಿಗೆ ಇನ್ನೊಬ್ಬರು ಕೆಸರು ತುಂಬುತ್ತಿದ್ದರು. ಅವರಿಗೆ ಹೇಳುವ ಧೈರ್ಯ ನನಗಾಗಲಿಲ್ಲ. ಹಿಂತಿರುಗಿ ಹೋಗಿ ನಾನೂ ಕೀಳತೊಡಗಿದೆ. ಎಷ್ಟು ಕಿತ್ತೆ, ಹೇಗೆ ಕಿತ್ತೆ ಒಂದೂ ತಿಳಿಯಲಿಲ್ಲ. ಕಿವಿಯಲ್ಲಿ ಅದೊಂದೇ ಮಾತು.

ತಮ್ಮನಿಗೆ ಎಷ್ಟು ಸಲ ಫೋನು ಮಾಡಿದರೂ ಸಿಗಲಿಲ್ಲ. ಕೆಲಸದ ಜಾಗದಲ್ಲಿ ಫೋನು ಒಳಗೆ ಬಿಡುವುದಿಲ್ಲ. ಮಧ್ಯಾಹ್ನ ಟಿಪ್ಪರುಗಳು ಮತ್ತೆ ಶುರುವಾದವು. ಮಣ್ಣು ಕಾರ್ಕಳದ ರಸ್ತೆಯ ಯಾವುದೋ ಗುಡ್ಡದ್ದಂತೆ. ಸಂಜೆಯ ಹೊತ್ತಿಗೆ ನಮ್ಮ ಅಡುಗೆಮನೆಯ ಕಿಟಕಿಯ ಆಚೆ ಹಸಿರು ಎಂಬುದು ಇರಲಿಲ್ಲ. ಕೆಳಗಿನ ಒಂದು ಮೂಲೆ ಮಾತ್ರ ಉಳಿದಿತ್ತು. ಅಲ್ಲಿ ನೀರು ಹೆಚ್ಚು, ಗಾಡಿ ಹೂತುಹೋಗುತ್ತದೆ. ಆದರೆ ಮೇಲಿನ ಮಣ್ಣು ನೀರು ಹರಿಯುವ ತೋಡನ್ನು ಮುಚ್ಚಿದ್ದರಿಂದ ಆ ಮೂಲೆಯ ಪೈರು ಕೂಡ ಕೆಂಪು ನೀರಿನಲ್ಲಿ ಕುತ್ತಿಗೆಯವರೆಗೆ ಮುಳುಗಿತ್ತು.

ತಮ್ಮ ಫೋನು ಮಾಡಿದಾಗ ನಾನು ಸ್ಪೀಕರಿನಲ್ಲಿ ಹಾಕಿದೆ. ಅಮ್ಮನಿಗೆ ಬೇರೆ ರೀತಿಯಲ್ಲಿ ತಿಳಿಸುವುದು ನನಗೆ ಗೊತ್ತಿರಲಿಲ್ಲ. ಗದ್ದೆ ಕೊಂಡದ್ದು ನೀನಾ ಎಂದು ಕೇಳಿದೆ. ಅವನು ಒಂದೇ ಉಸಿರಿನಲ್ಲಿ ಹೇಳಿದ. ಹಬ್ಬದ ದಿನ ಹೇಳಿ ಅಮ್ಮನನ್ನು ಖುಷಿಪಡಿಸಬೇಕೆಂದಿದ್ದ. ಹೆದ್ದಾರಿಗೆ ಹೋದ ಗದ್ದೆಯ ಬದಲಿಗೆ ಮನೆಯ ಬುಡದಲ್ಲೇ ಜಾಗ ಮಾಡಬೇಕು, ಕುವೈತಿನ ಕೆಲಸ ಮುಗಿಸಿ ಬಂದು ಅಲ್ಲೇ ಮನೆ ಕಟ್ಟಬೇಕು ಎಂಬ ಆಸೆ. ಒಬ್ಬನಿಂದ ಆಗದೆ ಪಾಲುದಾರನನ್ನು ಸೇರಿಸಿಕೊಂಡಿದ್ದ. ಕೊಯ್ಲು ಮುಗಿಯುವವರೆಗೆ ಮುಟ್ಟಬೇಡಿ ಎಂದು ಅವರಿಗೆ ಹೇಳಿದ್ದನಂತೆ. ಮಳೆ ಬಿಟ್ಟಿದೆ, ಗಾಡಿ ಸಿಕ್ಕಿದೆ ಎಂದು ಪಾಲುದಾರ ಕಾಯಲಿಲ್ಲ.

ಅಮ್ಮ ಕುರ್ಚಿಯಲ್ಲಿ ಕೂತಿದ್ದರು. ಉಗುರಿನ ಸಂದಿನ ಕೆಸರು ಹೋಗಿರಲಿಲ್ಲ. ಅವರು ಬೈಯುತ್ತಾರೆ ಎಂದುಕೊಂಡೆ, ಅಳುತ್ತಾರೆ ಎಂದೂ ಅಂದುಕೊಂಡೆ. ಅವರು ಫೋನಿನ ಕಡೆ ಬಗ್ಗಿ ಕೇಳಿದರು:

"ಹಾಗಾದರೆ ಈ ಗದ್ದೆ ಈಗ ನಮ್ಮದಾ?"

"ಅರ್ಧ ನಮ್ಮದು ಮಮ್ಮಿ."

"ನಮ್ಮದಾದರೆ ನಿಲ್ಲಿಸಲಿಕ್ಕೆ ಹೇಳು."

ಅವನು ಹೇಳಿದ. ಉಳಿದದ್ದು ಆ ಕೆಳಗಿನ ಮೂಲೆ ಮಾತ್ರ.

ಮರುದಿನ ಅಮ್ಮ ಬೆಳಗಿನ ಕಾಫಿ ಕೂಡ ಕುಡಿಯದೆ ಅಕ್ಕನ ಮನೆಗೆ ಹೊರಟರು. ಬೇರೆಯವರಿಂದ ಕೇಳುವ ಮೊದಲು ನಾವೇ ಹೇಳಬೇಕು ಎಂದರು. ನಾನು ಜೊತೆಗೆ ಹೋದೆ. ಅಕ್ಕ ಜಗಲಿಯಲ್ಲಿ ತೆಂಗಿನ ಗರಿ ಸೀಳಿ ಹಿಡಿಸೂಡಿ ಪೊರಕೆಗೆ ಕಡ್ಡಿ ತೆಗೆಯುತ್ತಿದ್ದರು. ಅಮ್ಮ ಕುಳಿತುಕೊಳ್ಳದೆ, ನಿಂತಲ್ಲೇ, ಗದ್ದೆ ತೆಗೆದವನು ತನ್ನ ಮಗ ಎಂದು ಹೇಳಿದರು. ಅಕ್ಕನ ಕೈಯ ಚೂರಿ ನಿಂತಿತು. ಅವರ ಮುಖದಲ್ಲಿ ಆದದ್ದನ್ನು ಬರೆಯಲು ನನಗೆ ಬರುವುದಿಲ್ಲ. ಹಿಂದಿನ ದಿನ ಟಿಪ್ಪರಿನೆದುರು ಕೂಡ ಆ ಮುಖ ಹಾಗಿರಲಿಲ್ಲ. ಚೂರಿ ಕೆಳಗಿಟ್ಟು ಹೇಳಿದರು:

"ಮಾರಿದವನು ನನ್ನ ಅಣ್ಣ. ತೆಗೆದವನು ನಿಮ್ಮ ಮಗ. ಈಗ ನಾವಿಬ್ಬರು ಯಾರಿಗೆ ಬೈಯುದು ಬಾಯಮ್ಮ?"

ಅಷ್ಟು ಹೇಳಿ ಒಳಗೆ ಹೋದರು. ಮತ್ತೆ ಹೊರಗೆ ಬರಲಿಲ್ಲ. ನಾವು ಸ್ವಲ್ಪ ಹೊತ್ತು ಕಾದು ಹಿಂತಿರುಗಿದೆವು.

ಬಕೆಟುಗಳೆಲ್ಲ ನಮ್ಮ ಅಂಗಳದಲ್ಲೇ ಇದ್ದವು. ಅಕ್ಕನ ಪಾಲಿನವನ್ನು ತೆಗೆದುಕೊಂಡು ಹೋಗಲು ಅವರು ಬರಲಿಲ್ಲ. ನಾವೇ ಕೊಂಡುಹೋಗಿ ಕೊಡಲು ಮುಖವಿರಲಿಲ್ಲ. ಅರ್ಧಕ್ಕರ್ಧ ಬುಡಗಳು ಬಾಡಿದವು. ಉಳಿದವು ಹಟ ಹಿಡಿದವರ ಹಾಗೆ ನಿಂತವು. ಅಮ್ಮ ಬಾವಿ ನೀರು ಹಾಕುತ್ತ, ಬಿಸಿಲು ಹೆಚ್ಚಾದರೆ ನೆರಳಿಗೆ ಸರಿಸುತ್ತ, ಇಡೀ ದಿನ ಅವುಗಳ ಸುತ್ತಲೇ ಇರುತ್ತಿದ್ದರು. ಆದರೆ ಒಂದು ಇಗರ್ಜಿಗೆ ಅದೆಲ್ಲಿ ಸಾಕು? ನಮ್ಮ ವಾರ್ಡಿನ ಗುರ್ಕಾರರು, ಎಂದರೆ ವಾರ್ಡಿನ ಮುಂದಾಳು, ಬೈಕು ಹತ್ತಿ ಸುತ್ತ ಎಲ್ಲ ಕಡೆ ಹುಡುಕಿ ಬಂದರು. ಉಚ್ಚಿಲದ ಕಡೆ ಹೋದರು, ಹೆಜಮಾಡಿಯವರೆಗೂ ಹೋದರು. ಕೆಲವು ಗದ್ದೆ ಹಡಿಲು, ಕೆಲವಕ್ಕೆ ಸೈಟಿನ ಬೇಲಿ ಹಾಕಿದೆ, ಕೆಲವರಿಗೆ ಅವರ ಇಗರ್ಜಿಗೇ ಸಾಲದು. ಕೊನೆಗೆ ನಿಟ್ಟೆಯ ಹತ್ತಿರ ಗುರುತಿನ ರೈತರೊಬ್ಬರು ಕೊಡಲು ಒಪ್ಪಿದರು. ಭಾನುವಾರದ ಪೂಜೆಯಲ್ಲಿ ಪಾದ್ರಿಗಳು, ಈ ವರ್ಷ ನಮ್ಮ ಊರಿನ ಕದಿರು ಇಲ್ಲ, ನಿಟ್ಟೆಯಿಂದ ಬರುತ್ತದೆ ಎಂದು ತಿಳಿಸಿದರು. ಎಲ್ಲರಿಗೂ ತಮ್ಮ ತಮ್ಮ ಗದ್ದೆ ಹೋದದ್ದು ಗೊತ್ತಿತ್ತು. ಎಲ್ಲರದ್ದೂ ಹೋಗಿದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಹೊರಗೆ ಬಂದ ಮೇಲೂ ಜನ ಚಪ್ಪಲಿ ಹಾಕಿಕೊಂಡು ಅಲ್ಲಲ್ಲೇ ನಿಂತಿದ್ದರು. ಸಾವಿನ ಮನೆಯಲ್ಲಿ ನಿಲ್ಲುವ ಹಾಗೆ.

ಮೊಂತಿ ಹಬ್ಬದ ಹಿಂದಿನ ದಿನ ಬೆಳಿಗ್ಗೆ ಗೇಟಿನ ಸದ್ದಾಯಿತು. ನಾನು ಹಲ್ಲುಜ್ಜುತ್ತಿದ್ದೆ. ಅಕ್ಕ ನಿಂತಿದ್ದರು. ಸ್ನಾನ ಮಾಡಿ, ಅಂಚಿನ ಸೀರೆ ಉಟ್ಟು, ಕೈಯಲ್ಲಿ ದೀಪ ಹಚ್ಚಿದ ಹರಿವಾಣ. ಹಿಂದೆ ಅವರ ಅಳಿಯ, ಬಿಳಿ ಪಂಚೆ, ಹೆಗಲಿಗೆ ಹೊಸ ಬೈರಾಸು. ಭಟ್ಟರು ನೋಡಿಕೊಟ್ಟ ದಿನ ಅದೇ ಎಂಬುದು ನಮಗೆ ತಿಳಿದಿರಲಿಲ್ಲ. ಇಬ್ಬರೂ ಗೇಟಿನ ಹೊರಗೆ ಚಪ್ಪಲಿ ಬಿಟ್ಟರು. ನಮ್ಮ ಅಂಗಳಕ್ಕೆ ಅವರು ಎಂದೂ ಚಪ್ಪಲಿ ಬಿಟ್ಟು ಬಂದವರಲ್ಲ. ನಾವೂ ಅವರ ಅಂಗಳಕ್ಕೆ ಹಾಗೆ ಹೋದವರಲ್ಲ. ಬ್ರಶ್ಶು ಬಾಯಲ್ಲೇ ಇಟ್ಟುಕೊಂಡು ನಾನು ಕಂಬದ ಹಾಗೆ ನಿಂತುಬಿಟ್ಟೆ.

ಅಳಿಯನಿಗೂ ಅತ್ತೆ ಪೂರ್ತಿ ಹೇಳಿರಲಿಲ್ಲವೆಂದು ಕಾಣುತ್ತದೆ. ಅವರು ಬಕೆಟುಗಳನ್ನು ನೋಡಿದರು, ಆಚೆಯ ಕೆಂಪು ಮಣ್ಣನ್ನು ನೋಡಿದರು, ಮತ್ತೆ ಬಕೆಟುಗಳನ್ನು ನೋಡಿದರು. "ಗದ್ದೆ ಇದೇನಾ?" ಎಂದು ಮೆಲ್ಲಗೆ ಕೇಳಿದರು. ಇದೇ ಎಂದರು ಅಕ್ಕ. ಅವರು ಬಣ್ಣದ ಡಬ್ಬವೊಂದರ ಮುಂದೆ ದೀಪ ಇಟ್ಟರು. ನೀರು ಚಿಮುಕಿಸಿದರು, ಹೂ ಇಟ್ಟರು, ಕೈಮುಗಿದರು. ಅಮ್ಮ ಒಳಗಿನಿಂದ ಬಂದವರು ಮೆಟ್ಟಿಲ ಮೇಲೆಯೇ ನಿಂತು ಶಾಲನ್ನು ತಲೆಗೆ ಎಳೆದುಕೊಂಡರು, ಇಗರ್ಜಿಯಲ್ಲಿ ಎಳೆದುಕೊಳ್ಳುವ ಹಾಗೆ. ಅಳಿಯ ಕುಕ್ಕರಗಾಲಿನಲ್ಲಿ ಕೂತು ಬುಡಕ್ಕೆ ಕತ್ತಿ ಹಾಕಿದರು. ಕದಿರಿನ ಕಟ್ಟನ್ನು ತಲೆಯ ಮೇಲಿಟ್ಟುಕೊಂಡು ನಮ್ಮ ಗೇಟಿನಿಂದ ಹೊರಟರು. ಎದುರಿನ ರಸ್ತೆಯಲ್ಲಿ ಶಾಲೆಯ ವ್ಯಾನು ನಿಂತಿತು. ಒಳಗಿನ ಮಕ್ಕಳು ಕಿಟಕಿಗೆ ಮೂಗು ಒತ್ತಿ ನೋಡಿದರು.

ಹೊರಡುವ ಮುಂಚೆ ಅಕ್ಕ ಅಮ್ಮನನ್ನು ನೋಡಿ ಒಂದೇ ಮಾತು ಹೇಳಿದರು. "ನೀರು ಸರಿಯಾಗಿ ಹಾಕಿದ್ದೀರಿ." ನಂತರ ಒಂದು ಹಿಡಿ ಕದಿರನ್ನು ನಮ್ಮ ಮೆಟ್ಟಿಲ ಮೇಲೆ ಇಟ್ಟರು.

ಅಮ್ಮ ಅಂದು ಮೊದಲ ಬಾರಿ ಅತ್ತರು. ನಾನು ಹತ್ತಿರ ಹೋಗಲಿಲ್ಲ. ಹೋದರೆ ನಿಲ್ಲಿಸುತ್ತಾರೆ ಎಂದು ಗೊತ್ತಿತ್ತು.

ಮರುದಿನ ಹಬ್ಬ ನಡೆಯಿತು. ನಿಟ್ಟೆಯ ಕದಿರಿನ ರಾಶಿಯ ಮೇಲೆ ನಮ್ಮ ಬಕೆಟಿನ ಕದಿರನ್ನೂ ಇಟ್ಟರು. ಪಾದ್ರಿಗಳು ಬೇರೆ ಮಾಡದೆ ಎರಡಕ್ಕೂ ತೀರ್ಥ ಚಿಮುಕಿಸಿದರು.

ತಮ್ಮ ಮರುವರ್ಷ ಜುಲೈಯಲ್ಲಿ ರಜೆ ಹಾಕಿ ಬಂದ. ವಿಮಾನ ನಿಲ್ದಾಣದಿಂದ ಬಂದವನು ಮನೆಯೊಳಗೆ ಬ್ಯಾಗು ಇಡುವ ಮೊದಲೇ ಹಿತ್ತಿಲಿಗೆ ಹೋಗಿ ನೋಡಿದ. ಅವನ ಮೊಬೈಲಿನಲ್ಲಿ ಮಣ್ಣು ತುಂಬಿದ ಜಾಗದ ಎಷ್ಟೋ ಚಿತ್ರಗಳಿದ್ದವು. ಆದರೂ ಬ್ಯಾಗು ಕೆಳಗಿಡದೆ ಮಣ್ಣಿನ ಅಂಚಿನವರೆಗೂ ನಡೆದು ಹೋದ. ಚಿಕ್ಕಂದಿನಲ್ಲಿ ನಾವಿಬ್ಬರೂ ಏಡಿ ಹಿಡಿದ ಜಾಗ ಅದು. ಅವನು ಅಕ್ಕನ ಮನೆಗೆ ಒಬ್ಬನೇ ಹೋದ. ಅಲ್ಲಿ ಏನು ಮಾತಾಯಿತೆಂದು ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವನ ಪಾಲಿನಲ್ಲಿ ಮನೆ ಕಟ್ಟುವುದನ್ನು ಸದ್ಯಕ್ಕೆ ಬಿಟ್ಟಿದ್ದಾನೆ. ತನ್ನ ಪಾಲಿಗೆ ಬಂದ ಕೆಳಗಿನ ಮೂಲೆಯನ್ನು ಮಣ್ಣಿನಿಂದ ಬಿಡಿಸಿ, ತೋಡಿನ ಬಾಯಿ ತೆರೆಸಿ, ಅಕ್ಕ ಹೇಳಿದ ಹಾಗೆ ಹಟ್ಟಿಗೊಬ್ಬರ ಹಾಕಿಸಿದ. ನಾಟಿಯ ದಿನ ಅವನೂ ಕೆಸರಿಗೆ ಇಳಿದ. ಅವನು ನೆಟ್ಟ ಸಾಲನ್ನು ಅಕ್ಕ ಕಿತ್ತು ಮತ್ತೆ ನೆಟ್ಟರು. ಆ ವರ್ಷ ಪೈರು ಕೆಂಪು ಮಣ್ಣಿನಿಂದ ಗಿಡ್ಡವಾಗಿಯೇ ಉಳಿಯಿತು, ಆದರೆ ಕದಿರು ಬಂತು. ಎರಡು ಮನೆಗಳಿಗೆ ಸಾಕಾಯಿತು.

ಅಕ್ಕ ಮುಂಬೈಯ ಅಣ್ಣನೊಂದಿಗೆ ಇನ್ನೂ ಮಾತಾಡುವುದಿಲ್ಲ.

ಪಾಲುದಾರನ ಅರ್ಧದಲ್ಲಿ ಈಗ ಮೂರು ಅಂತಸ್ತಿನ ಬಾಡಿಗೆ ಮನೆಗಳು. ಮಣಿಪಾಲದಲ್ಲಿ ಕೆಲಸ ಮಾಡುವ, ಬೇರೆ ಬೇರೆ ಕಡೆಯ ಜನ. ಅಕ್ಕ ಆ ಕಟ್ಟಡದ ಕಡೆ ಮುಖ ಹಾಕುವುದಿಲ್ಲ. ಅಂಗಡಿಗೆ ಹೋಗಬೇಕಾದರೂ ಸುತ್ತು ಹಾಕಿ ಹೋಗುತ್ತಾರೆ. ಕಳೆದ ವರ್ಷ ಕದಿರು ಕೊಯ್ಯುವ ದಿನ, ಅಳಿಯ ಮೂಲೆಯ ಗದ್ದೆಯಿಂದ ಮೇಲೆ ಬರುವಾಗ, ಆ ಕಟ್ಟಡದ ಒಬ್ಬ ಹೆಂಗಸು ಬೇಲಿಯ ಹತ್ತಿರ ಕಾಯುತ್ತಿದ್ದಳು. ಕೈಯಲ್ಲಿ ಮಗು. ಹರಕುಮುರುಕು ಕನ್ನಡದಲ್ಲಿ, ಇದು ಏನು, ನಮ್ಮ ಊರಿನಲ್ಲೂ ಹೊಸ ಧಾನ್ಯಕ್ಕೆ ಹೀಗೆ ಮಾಡುತ್ತಾರೆ, ಒಂದು ಕೊಡಬಹುದೇ ಎಂದು ಕೇಳಿದಳು. ನಾನು ಅಕ್ಕನ ಮುಖ ನೋಡಲು ಹೆದರಿದೆ. ಅಕ್ಕ ಉತ್ತರ ಕೊಡದೆ ಮನೆಗೆ ಹೋದರು. ಆ ಹೆಂಗಸು ನಾಚಿ ಒಳಗೆ ಹೋದಳು.

ಮಧ್ಯಾಹ್ನದ ಹೊತ್ತಿಗೆ ಅಕ್ಕ ನಮ್ಮ ಮನೆಗೆ ಬಂದರು. ಕೈಯಲ್ಲಿ ಎಲೆ, ನಾರು ಸೇರಿಸಿ ಕಟ್ಟಿದ ಕದಿರು.

"ಆ ಹೆಂಗಸು ಯಾವ ಮಾಳಿಗೆಯಲ್ಲಿ ಇರುವುದು? ನನಗೆ ಲಿಫ್ಟು ಗೊತ್ತಿಲ್ಲ. ನೀನು ಬಾ."

ನಾನು ಚಪ್ಪಲಿ ಮೆಟ್ಟಿ ಹೊರಟೆ. ಲಿಫ್ಟಿನಲ್ಲಿ ಅಕ್ಕ ಕಣ್ಣು ಮುಚ್ಚಿಕೊಂಡು ನನ್ನ ತೋಳು ಗಟ್ಟಿಯಾಗಿ ಹಿಡಿದಿದ್ದರು. ಬಾಗಿಲು ತೆರೆದ ಹೆಂಗಸು ಇಬ್ಬರನ್ನೂ ಬೆರಗಿನಿಂದ ನೋಡಿದಳು. ಅಕ್ಕ ಬಾಗಿಲಿನ ಸುತ್ತ ಕಣ್ಣಾಡಿಸಿದರು. ಕಟ್ಟಲು ಒಂದು ಮೊಳೆ ಇರಲಿಲ್ಲ, ದಾರಂದದ ಚೌಕಟ್ಟಿನಲ್ಲಿ ಒಂದು ಸಂದು ಇರಲಿಲ್ಲ. ಕೊನೆಗೆ ಹೊರಗಿನ ಕಬ್ಬಿಣದ ಗ್ರಿಲ್ಲಿನ ಮೇಲಿನ ಸರಳಿಗೆ ನಾರು ಸುತ್ತಿ ಬಿಗಿಯಾಗಿ ಗಂಟು ಹಾಕಿದರು. ಮಗು ಕೈ ಚಾಚಿ ಕದಿರು ಎಳೆಯಲು ನೋಡಿತು. ಎಳೆಯಬಾರದು ಎಂದು ಅದರ ಕೈಯನ್ನು ಮೆಲ್ಲಗೆ ಸರಿಸಿ, ಅಕ್ಕ ಕೆಳಗೆ ಇಳಿಯಲು ಮೆಟ್ಟಿಲಿನ ಕಡೆ ಹೊರಟರು.